ಸಂತ ವಿನ್ಸೆಂಟ್ ಡಿ ಪಾಲ್: ಪದೇ ಪದೇ ಕೇಳುವ ಪ್ರಶ್ನೆಗಳು

ಚರ್ಚುಗಳಲ್ಲಿ ಇವರ ಪಟವನ್ನು ನೋಡಿದವರು ಬಹಳ ಮಂದಿ. ಕಪ್ಪು ನಿಲುವಂಗಿ, ನೆತ್ತಿಗೆ ಅಂಟಿಕೊಂಡ ಪುಟ್ಟ ಟೋಪಿ, ತೋಳಿನಲ್ಲಿ ಒಂದು ಹಸುಳೆ. ಪಟದಲ್ಲಿರುವ ಮನುಷ್ಯರ ಬದುಕು ಮಾತ್ರ ನಮ್ಮಲ್ಲಿ ಅಷ್ಟಾಗಿ ಪರಿಚಿತವಲ್ಲ. ಪರಿಚಯಿಸಹೊರಟವರೂ 'ಮಹಾ ಕರುಣಾಳು' ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಕರುಣಾಳುಗಳಿಗೆ ಆ ಕಾಲದಲ್ಲೂ ಬರವಿರಲಿಲ್ಲ. ಕರುಣೆಯನ್ನು ಸರದಿ ಪಟ್ಟಿಗೆ, ಲೆಕ್ಕದ ಪುಸ್ತಕಕ್ಕೆ, ನಾಳೆಯ ಊಟದ ಏರ್ಪಾಟಿಗೆ ಇಳಿಸಿದವರು ಇವರು. ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಯಾರು ಇವರು? ಚುಟುಕಾಗಿ ಹೇಳಿ.

ಹದಿನೇಳನೆಯ ಶತಮಾನದ ಫ್ರಾನ್ಸಿನ ಕ್ಯಾಥೊಲಿಕ್ ಧರ್ಮಗುರು. ನೈಋತ್ಯ ಫ್ರಾನ್ಸಿನ ಗ್ಯಾಸ್ಕನಿ ಪ್ರಾಂತ್ಯದಲ್ಲಿ, ದಾಕ್ಸ್ ಪಟ್ಟಣದ ಬಳಿಯ ಪುಯಿ ಎಂಬ ಹಳ್ಳಿಯಲ್ಲಿ ಹುಟ್ಟಿದರು. 1660ರ ಸೆಪ್ಟೆಂಬರ್ 27ರಂದು ಪ್ಯಾರಿಸಿನಲ್ಲಿ ತೀರಿಕೊಂಡರು. ಹಳ್ಳಿಗಳಲ್ಲಿ ಬೋಧನೆ ಮಾಡುವ ಗುರುಗಳ ಸಂಸ್ಥೆಯನ್ನು 1625ರಲ್ಲಿ ಕಟ್ಟಿದರು. 1633ರಲ್ಲಿ ಲೂಯಿಸ್ ದ ಮಾರಿಯಾಕ್ ಎಂಬ ವಿಧವೆಯೊಂದಿಗೆ ಸೇರಿ 'ಡಾಟರ್ಸ್ ಆಫ್ ಚಾರಿಟಿ' ಸಹೋದರಿಯರ ಸಂಘವನ್ನು ಆರಂಭಿಸಿದರು. ರೋಗಿಗಳು, ಅನಾಥ ಶಿಶುಗಳು, ಹಡಗಿನ ಕೈದಿಗಳು, ಯುದ್ಧದಲ್ಲಿ ಮನೆಮಠ ಕಳೆದುಕೊಂಡವರು, ದಿಕ್ಕಿಲ್ಲದ ಮುದುಕರು ಹೀಗೆ ಅವರ ಕೆಲಸ ಮುಟ್ಟದ ಬಡವರ ಗುಂಪು ಆಗಿನ ಫ್ರಾನ್ಸಿನಲ್ಲಿ ಇರಲಿಲ್ಲವೆಂದೇ ಹೇಳಬೇಕು.

ಹುಟ್ಟಿದ ವರ್ಷ ಕೆಲವು ಕಡೆ 1576, ಕೆಲವು ಕಡೆ 1581 ಎಂದಿದೆಯಲ್ಲ?

ಹಳೆಯ ಜೀವನಚರಿತ್ರೆಗಳಲ್ಲಿ 1576. ಅವರೇ ತಮ್ಮ ಪತ್ರಗಳಲ್ಲಿ ಹೇಳಿಕೊಂಡ ವಯಸ್ಸನ್ನು ಲೆಕ್ಕ ಹಾಕಿದರೆ ಬರುವುದು 1581ರ ಆಸುಪಾಸು. ಇಂದಿನ ಇತಿಹಾಸಕಾರರು ಒಪ್ಪುವುದು ಇದನ್ನೇ. ವ್ಯತ್ಯಾಸದ ಹಿಂದೆ ಒಂದು ಸಂಕೋಚದ ಕಥೆಯಿದೆ. ಅವರಿಗೆ ಗುರುದೀಕ್ಷೆಯಾದದ್ದು 1600ರ ಸೆಪ್ಟೆಂಬರಿನಲ್ಲಿ, ಅಂದರೆ ಹತ್ತೊಂಬತ್ತರ ಹರೆಯದಲ್ಲಿ. ಕ್ಯಾಥೊಲಿಕ್ ಚರ್ಚಿನ ಟ್ರೆಂಟ್ ಮಹಾಸಭೆಯ ಕಟ್ಟಳೆಯಂತೆ ಇಪ್ಪತ್ತನಾಲ್ಕು ತುಂಬದೆ ಯಾರೂ ದೀಕ್ಷೆ ಪಡೆಯುವಂತಿರಲಿಲ್ಲ. ಸಂತರಾಗಬೇಕಾದವರು ಕಟ್ಟಳೆ ಮುರಿದರೆಂದು ಬರೆಯುವುದು ಹೇಗೆ? ಹಾಗಾಗಿ ವಯಸ್ಸಿಗೆ ಐದು ವರ್ಷ ಸೇರಿಕೊಂಡಿತು.

ಬಡವರ ಸೇವೆ ಮಾಡಬೇಕೆಂದೇ ಗುರುವಾದರೇ?

ಇಲ್ಲ. ಇದನ್ನು ಮುಚ್ಚಿಡುವ ಅಗತ್ಯವೂ ಇಲ್ಲ. ಒಕ್ಕಲು ಮನೆಯ ಆರು ಮಕ್ಕಳಲ್ಲಿ ಮೂರನೆಯವರು, ಕುರಿ ಹಂದಿ ಮೇಯಿಸಿಕೊಂಡು ಬೆಳೆದವರು. ಹುಡುಗ ಚುರುಕಾಗಿದ್ದಾನೆ, ಗುರುವಾದರೆ ಮನೆಗೆ ಆಸರೆಯಾಗುತ್ತಾನೆ ಎಂಬುದು ತಂದೆಯ ಲೆಕ್ಕಾಚಾರ. ಮಗನ ಓದಿಗೆ ಒಂದು ಜೋಡಿ ಎತ್ತನ್ನೇ ಮಾರಿದರೆಂದು ಹೇಳುತ್ತಾರೆ. ಮಗನ ಲೆಕ್ಕಾಚಾರವೂ ಬೇರೆಯಾಗಿರಲಿಲ್ಲ. ಆದಾಯ ಬರುವ ಒಂದು ಚರ್ಚ್ ಹುದ್ದೆ ಸಿಕ್ಕಿದರೆ ಊರಿಗೆ ಬಂದು ನಿಮ್ಮ ಬಳಿಯೇ ನೆಮ್ಮದಿಯಾಗಿ ಇದ್ದುಬಿಡುತ್ತೇನೆ ಎಂದು 1610ರಲ್ಲಿ ತಾಯಿಗೆ ಬರೆದ ಕಾಗದ ಇಂದಿಗೂ ಉಳಿದಿದೆ. ಆಗ ಅವರು ದೀಕ್ಷೆ ಪಡೆದು ಹತ್ತು ವರ್ಷವಾಗಿತ್ತು.

ಇನ್ನೊಂದು ಪ್ರಸಂಗವನ್ನು ಮುಪ್ಪಿನಲ್ಲಿ ಅವರೇ ತಮ್ಮ ಸಂಸ್ಥೆಯ ಗುರುಗಳ ಮುಂದೆ ಹೇಳಿಕೊಂಡರು. ದಾಕ್ಸಿನಲ್ಲಿ ಓದುತ್ತಿದ್ದಾಗ ತಂದೆ ನೋಡಲು ಬಂದರಂತೆ. ಹರಕು ಬಟ್ಟೆ, ಕುಂಟು ಕಾಲು. ಸಹಪಾಠಿಗಳೆದುರು ನಾಚಿಕೆಯಾಗಿ ಹುಡುಗ ಹೊರಗೆ ಬಂದು ಮಾತನಾಡಲೇ ಇಲ್ಲ. ಐವತ್ತು ವರ್ಷಕ್ಕೂ ಮೀರಿ ಮನಸ್ಸಿನಲ್ಲಿ ಕೊರೆದ ಸಂಗತಿ ಇದು. ಸಂತರ ಕಥೆಗಳಲ್ಲಿ ಬಾಲ್ಯದಿಂದಲೇ ಪವಾಡ ಹುಡುಕುವವರು ಈ ಹುಡುಗನನ್ನೂ ಒಮ್ಮೆ ನೋಡುವುದು ಒಳ್ಳೆಯದು.

ಕಡಲ್ಗಳ್ಳರು ಅವರನ್ನು ಹಿಡಿದು ಗುಲಾಮರಾಗಿ ಮಾರಿದ್ದು ನಿಜವೇ?

ಹೌದೆನ್ನುವುದಕ್ಕೆ ಇರುವ ಆಧಾರ ಒಂದೇ, 1607ರ ಜುಲೈನಲ್ಲಿ ಆವಿನ್ಯೋನಿನಿಂದ ತಮ್ಮ ಪೋಷಕರೊಬ್ಬರಿಗೆ ಅವರೇ ಬರೆದ ಕಾಗದ. 1605ರಲ್ಲಿ ಮಾರ್ಸೇಯಿನಿಂದ ನಾರ್ಬೋನಿಗೆ ಹಡಗಿನಲ್ಲಿ ಹೋಗುವಾಗ ಸೆರೆಸಿಕ್ಕಿ, ಟ್ಯೂನಿಸ್ಸಿನ ಸಂತೆಯಲ್ಲಿ ಬಿಕರಿಯಾಗಿ, ಮೊದಲು ಒಬ್ಬ ಬೆಸ್ತನ ಕೈಗೆ, ಬಳಿಕ ರಸವಿದ್ಯೆಯ ಮುದುಕನೊಬ್ಬನ ಕೈಗೆ, ಕೊನೆಗೆ ಮತ ಬದಲಿಸಿದ್ದ ನೀಸ್ ಊರಿನವನೊಬ್ಬನ ಕೈಗೆ ಬಂದು, ಆ ಕೊನೆಯ ಯಜಮಾನನ ಮನಸ್ಸನ್ನೇ ತಿರುಗಿಸಿ ಇಬ್ಬರೂ ದೋಣಿಯಲ್ಲಿ ತಪ್ಪಿಸಿಕೊಂಡು ಬಂದ ರಂಜಕ ಕಥೆ ಅದರಲ್ಲಿದೆ.

ಅನುಮಾನಕ್ಕೆ ಕಾರಣಗಳೂ ಇವೆ. ಮುಂದೆ ಗುಲಾಮರ ಬಿಡುಗಡೆಗಾಗಿ ಟ್ಯೂನಿಸ್, ಅಲ್ಜಿಯರ್ಸ್‌ಗೆ ತಮ್ಮ ಗುರುಗಳನ್ನು ಕಳುಹಿಸುವಾಗಲೂ 'ನಾನೂ ಅಲ್ಲಿದ್ದವನು' ಎಂಬ ಮಾತು ಅವರ ಬಾಯಿಂದ ಬರಲಿಲ್ಲ. ಮುಪ್ಪಿನಲ್ಲಿ ಆ ಕಾಗದ ಪತ್ತೆಯಾಯಿತೆಂದು ತಿಳಿದಾಗ ಅದನ್ನು ಸುಟ್ಟುಹಾಕಲು ಬೇಡಿ ಪಡೆಯಲೆತ್ನಿಸಿದರು. ಸುತ್ತಲಿದ್ದವರು ಕೊಡಲಿಲ್ಲ. ಸಾಲಗಾರರಿಂದ ತಲೆ ತಪ್ಪಿಸಿಕೊಂಡಿದ್ದ ಯುವಕ ಹೆಣೆದ ಕಥೆಯೆಂದು ಕೆಲವು ವಿದ್ವಾಂಸರು, ವಿವರಗಳು ನಂಬುವಂತಿವೆ ಎಂದು ಇನ್ನು ಕೆಲವರು ವಾದಿಸುತ್ತಾರೆ. ನನಗೆ ಮೊದಲಿನವರ ವಾದವೇ ಹೆಚ್ಚು ಒಪ್ಪಿಗೆಯಾಗುತ್ತದೆ, ಆದರೆ ವ್ಯಾಜ್ಯ ಇನ್ನೂ ಮುಗಿದಿಲ್ಲ.

ಹಾಗಾದರೆ ಬದಲಾದದ್ದು ಯಾವಾಗ?

ಒಂದು ದಿನ, ಒಂದು ಘಳಿಗೆ ಎಂದು ಬೊಟ್ಟು ಮಾಡಿ ತೋರಿಸಲಾಗದು. 1608ರಲ್ಲಿ ಪ್ಯಾರಿಸಿಗೆ ಬಂದರು. ಜೊತೆಯಲ್ಲಿ ಕೋಣೆ ಹಂಚಿಕೊಂಡಿದ್ದ ನ್ಯಾಯಾಧೀಶರೊಬ್ಬರು ತಮ್ಮ 400 ಎಕ್ಯೂ ಹಣ ಕದ್ದವರು ಇವರೇ ಎಂದು ಊರೆಲ್ಲ ಸಾರಿದರು. 'ನಿಜ ಏನೆಂದು ದೇವರಿಗೆ ಗೊತ್ತು' ಎಂದದ್ದು ಬಿಟ್ಟರೆ ಇವರು ಪ್ರತಿಯಾಡಲಿಲ್ಲ. ನಿಜವಾದ ಕಳ್ಳ ವರ್ಷಗಳ ನಂತರ ಒಪ್ಪಿಕೊಂಡ. 1612ರಲ್ಲಿ ಪ್ಯಾರಿಸಿನ ಅಂಚಿನ ಕ್ಲಿಶಿ ಎಂಬ ಬಡ ಧರ್ಮಕೇಂದ್ರದ ಗುರುವಾದರು. ಅಲ್ಲಿನ ರೈತಾಪಿ ಜನರ ನಡುವೆ, ಪೋಪ್ ಕೂಡ ತಮ್ಮಷ್ಟು ಸುಖಿಯಲ್ಲ ಅನ್ನಿಸಿತ್ತಂತೆ.

ಆದರೂ ಮರುವರ್ಷವೇ ಗೊಂದಿ ಎಂಬ ದೊಡ್ಡ ಶ್ರೀಮಂತ ಮನೆತನದ ಮಕ್ಕಳಿಗೆ ಪಾಠ ಹೇಳಲು ಹೋದರು. ಆ ಮನೆತನದ ಜಹಗೀರಿನ ಹಳ್ಳಿಯೊಂದರಲ್ಲಿ, 1617ರ ಜನವರಿಯಲ್ಲಿ, ಸಾಯುವ ಸ್ಥಿತಿಯಲ್ಲಿದ್ದ ರೈತನೊಬ್ಬನ ಪಾಪನಿವೇದನೆ ಕೇಳಿದರು. ಊರಲ್ಲಿ ಮರ್ಯಾದಸ್ಥನೆನಿಸಿಕೊಂಡಿದ್ದ ಆತ, ಇವರು ಬಾರದಿದ್ದರೆ ತಾನು ಬಚ್ಚಿಟ್ಟ ಪಾಪಗಳೊಂದಿಗೇ ಸಾಯುತ್ತಿದ್ದೆನೆಂದು ಮನೆಯೊಡತಿ ಗೊಂದಿಯಮ್ಮನ ಮುಂದೆಯೇ ಹೇಳಿದ. ಹಳ್ಳಿಗಳಲ್ಲಿದ್ದ ಕೆಲವು ಗುರುಗಳಿಗೆ ಕ್ಷಮಾಪಣೆಯ ಮಂತ್ರವೇ ಬಾರದಿದ್ದ ಕಾಲ ಅದು. ಅದೇ ತಿಂಗಳ 25ರಂದು ಫೊಲ್‌ವೀಲ್ ಎಂಬ ಊರಿನಲ್ಲಿ ವಿನ್ಸೆಂಟರು ಮಾಡಿದ ಪ್ರಬೋಧನೆಯ ನಂತರ ಜನ ಎಷ್ಟು ಮುಗಿಬಿದ್ದರೆಂದರೆ, ಪಾಪನಿವೇದನೆ ಕೇಳಲು ಆಮಿಯಾನ್ ನಗರದಿಂದ ಜೆಸ್ವಿತ ಸಭೆಯ ಗುರುಗಳನ್ನು ಕರೆಸಬೇಕಾಯಿತು.

ಶಾತಿಯೋನ್ ಎಂಬ ಊರಿನ ಹೆಸರು ಯಾಕೆ ಅಷ್ಟು ಮುಖ್ಯ?

ಅದೇ ವರ್ಷ ಅವರು ಗೊಂದಿ ಅರಮನೆಯಿಂದ ಹೇಳದೆ ಕೇಳದೆ ಹೊರಟು, ಲಿಯೋನ್ ಕಡೆಯ ಶಾತಿಯೋನ್ ಎಂಬ ಸಣ್ಣ ಊರಿನ ಧರ್ಮಕೇಂದ್ರಕ್ಕೆ ಹೋದರು. ಆಗಸ್ಟಿನ ಒಂದು ಭಾನುವಾರ ಬಲಿಪೂಜೆಗೆ ಉಡುಪು ತೊಡುತ್ತಿದ್ದಾಗ ಹೆಂಗಸೊಬ್ಬರು ಬಂದು, ಊರಾಚೆಯ ಒಂಟಿ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಮಲಗಿದ್ದಾರೆ, ಒಬ್ಬರಿಗೆ ನೀರು ಕೊಡಲು ಇನ್ನೊಬ್ಬರಿಗೆ ತ್ರಾಣವಿಲ್ಲ ಎಂದರು. ಪ್ರಬೋಧನೆಯಲ್ಲಿ ವಿನ್ಸೆಂಟರು ಅದನ್ನೇ ಹೇಳಿದರು. ಸಂಜೆಯ ಪ್ರಾರ್ಥನೆ ಮುಗಿಸಿ ಆ ಮನೆಯ ಕಡೆ ಹೊರಟರೆ, ದಾರಿಯುದ್ದಕ್ಕೂ ಹೆಂಗಸರು! ಕೆಲವರು ಹೋಗುತ್ತಿದ್ದಾರೆ, ಕೆಲವರು ಬರುತ್ತಿದ್ದಾರೆ, ಬಿಸಿಲಿನ ಝಳಕ್ಕೆ ಕೆಲವರು ದಾರಿಬದಿಯ ಮರದಡಿ ಕೂತಿದ್ದಾರೆ.

ಬೇರೆ ಯಾವ ಗುರುವಾದರೂ ಇಲ್ಲಿಗೆ ತೃಪ್ತಿಪಟ್ಟು, ನಮ್ಮ ಊರಿನ ಜನರದ್ದು ಎಂಥ ದೊಡ್ಡ ಮನಸ್ಸು ಎಂದು ಮುಂದಿನ ಭಾನುವಾರ ಹೊಗಳುತ್ತಿದ್ದರು. ವಿನ್ಸೆಂಟರಿಗೆ ಕಂಡದ್ದು ಬೇರೆ. ಇವತ್ತು ಆ ಮನೆಗೆ ತಿನ್ನಲಾರದಷ್ಟು ಬಂದು ಬೀಳುತ್ತದೆ, ಉಳಿದದ್ದು ಹಳಸುತ್ತದೆ, ನಾಲ್ಕು ದಿನ ಕಳೆದರೆ ಮತ್ತೆ ಉಪವಾಸ. ಪ್ರೀತಿಗೆ ಕೊರತೆಯಿಲ್ಲ, ವ್ಯವಸ್ಥೆಯಿಲ್ಲ. ಮೂರೇ ದಿನದಲ್ಲಿ ಊರಿನ ಕೆಲವು ಹೆಂಗಸರನ್ನು ಸೇರಿಸಿ ಸರದಿ ಗೊತ್ತುಮಾಡಿದರು. ಇಂದು ಒಬ್ಬರ ಮನೆಯಲ್ಲಿ ಅಡುಗೆ, ನಾಳೆ ಇನ್ನೊಬ್ಬರದು. ಆ ವರ್ಷದ ಕೊನೆಯೊಳಗೆ ಲಿಖಿತ ನಿಯಮಾವಳಿಯೂ ಸಿದ್ಧವಾಯಿತು.

ಆ ನಿಯಮಾವಳಿಯಲ್ಲಿ ಏನಿತ್ತು?

ಇಡೀ ಜೀವನಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಕಾಗದ ಇದು. ಉಪದೇಶ ಕಡಿಮೆ, ಅಡುಗೆಮನೆ ಜಾಸ್ತಿ. ರೋಗಿಗೆ ಬೇಕಾದಷ್ಟು ರೊಟ್ಟಿ, ಕರುವಿನ ಇಲ್ಲವೇ ಕುರಿಯ ಮಾಂಸ, ಸೂಪು, ಸ್ವಲ್ಪ ದ್ರಾಕ್ಷಾರಸ. ಗಟ್ಟಿ ಆಹಾರ ಸೇರದವರಿಗೆ ಬಾರ್ಲಿ ನೀರು, ಮೊಟ್ಟೆ. ಎಲ್ಲವೂ ಬರೆದಿಟ್ಟದ್ದು.

ಬಡಿಸುವ ಕ್ರಮವಂತೂ ಕಣ್ಣಿಗೆ ಕಟ್ಟುವಂತಿದೆ. ಮನೆಯೊಳಗೆ ಹೋದೊಡನೆ ನಗುಮೊಗದಿಂದ ಮಾತನಾಡಿಸಬೇಕು. ಹಾಸಿಗೆಯ ಮೇಲೆ ಹಲಗೆಯಿಟ್ಟು, ಅದರ ಮೇಲೆ ಬಟ್ಟೆ ಹಾಸಿ, ಲೋಟ, ಚಮಚ, ರೊಟ್ಟಿ ಇಡಬೇಕು. ರೋಗಿಯ ಕೈ ತೊಳೆಸಬೇಕು. ಊಟದ ಪ್ರಾರ್ಥನೆ ಹೇಳಿ, ಸೂಪನ್ನು ಬಟ್ಟಲಿಗೆ ಬಗ್ಗಿಸಿ, ಹೆತ್ತ ಮಗನಿಗೆ ಉಣಿಸುವ ಹಾಗೆ ಉಪಚರಿಸಬೇಕು. ಬೇಕಾದರೆ ಮಾಂಸವನ್ನು ಕತ್ತರಿಸಿ ಕೊಡಬೇಕು. ತೀರ ಬೇಸರದಲ್ಲಿರುವವರಿಗೆ ಒಂದೆರಡು ಗೆಲುವಿನ ಮಾತು.

ಇದಾದ ಮೇಲೆ ಒಂದು ಸೂಚನೆಯಿದೆ. ಹತ್ತಿರ ಯಾರಾದರೂ ಇರುವ ರೋಗಿಯ ಮನೆಗೆ ಮೊದಲು ಹೋಗಿ, ಯಾರೂ ಇಲ್ಲದವರ ಮನೆಗೆ ಕೊನೆಗೆ ಹೋಗಿ. ಹಾಗೆ ಮಾಡಿದರೆ ಅವರ ಬಳಿ ಹೆಚ್ಚು ಹೊತ್ತು ಕೂರಬಹುದು. ನಾಲ್ಕು ನೂರು ವರ್ಷಗಳ ಹಿಂದಿನ ಈ ಒಂದು ಸಾಲನ್ನು ಬರೆಯಬೇಕಾದರೆ ಬರೆದವರು ಎಷ್ಟು ಮನೆಗಳ ಹಾಸಿಗೆ ಪಕ್ಕ ನಿಂತು ನೋಡಿರಬೇಕು!

ಹಣದ ಪೆಟ್ಟಿಗೆ, ಖಜಾಂಚಿ, ವರ್ಷಕ್ಕೊಮ್ಮೆ ಬಹಿರಂಗವಾಗಿ ಲೆಕ್ಕ ಒಪ್ಪಿಸುವುದು, ಇವೂ ಅದರಲ್ಲಿದ್ದವು. ಪದಾಧಿಕಾರಿಗಳು ಹೆಂಗಸರೇ. ಗಂಡಸರೂ ಸೇರಿದ ಸಂಘಗಳನ್ನು ಮಾಡಿ ನೋಡಿದಾಗ, ಗಂಡಸರು ಎಲ್ಲವನ್ನೂ ತಾವೇ ನಡೆಸಹೊರಡುತ್ತಾರೆ, ಹೆಂಗಸರು ಅದನ್ನು ಸಹಿಸುವುದಿಲ್ಲ ಎಂದು ಮುಂದೆ ಅವರು ಒಂದು ಪತ್ರದಲ್ಲಿ ಬರೆದರು. ಹೆಂಗಸರ ಲೆಕ್ಕದಲ್ಲಿ ಮಾತ್ರ ಎಣಿಸಲು ಒಂದು ತಪ್ಪೂ ಸಿಕ್ಕಿರಲಿಲ್ಲ.

ಇಷ್ಟೆಲ್ಲ ಕೆಲಸಕ್ಕೆ ಹಣ ಎಲ್ಲಿಂದ ಬಂತು?

ಶ್ರೀಮಂತರಿಂದ. 1625ರ ಏಪ್ರಿಲಿನಲ್ಲಿ ಗುರುಗಳ ಸಂಸ್ಥೆ ಆರಂಭವಾದದ್ದು ಗೊಂದಿ ದಂಪತಿ ಕೊಟ್ಟ 45,000 ಲೀವ್ರ್ ಮೂಲಧನದಿಂದ. 1632ರಲ್ಲಿ ಪ್ಯಾರಿಸಿನ ಸಾಂ-ಲಾಜಾರ್ ಎಂಬ ದೊಡ್ಡ ಮಠ, ಅದರ ಹೊಲಗದ್ದೆ ಸಮೇತ, ಅವರ ಕೈಗೆ ಬಂತು. 1634ರ ಹೊತ್ತಿಗೆ ಪ್ಯಾರಿಸಿನ ದೊಡ್ಡ ಮನೆತನಗಳ ಹೆಂಗಸರು ಅವರ 'ಲೇಡೀಸ್ ಆಫ್ ಚಾರಿಟಿ' ಸಂಘ ಸೇರತೊಡಗಿದರು. ಪ್ರಧಾನಮಂತ್ರಿ ರಿಷಲ್ಯೂನ ಸೋದರ ಸೊಸೆ, ಮುಂದೆ ಪೋಲೆಂಡಿನ ರಾಣಿಯಾದ ರಾಜಕುಮಾರಿ, ಇಂಥವರೆಲ್ಲ ಆ ಪಟ್ಟಿಯಲ್ಲಿದ್ದರು. ಬಡವರ ಗುಡಿಸಲಿನಲ್ಲಿ ಎಷ್ಟು ಸಲೀಸಾಗಿ ಕೂರುತ್ತಿದ್ದರೋ ಅಷ್ಟೇ ಸಲೀಸಾಗಿ ಅರಮನೆಯಲ್ಲೂ ಕೂತು ಕೈಚಾಚುವ ಕಲೆ ಅವರಿಗೆ ಒಲಿದಿತ್ತು. ಕೊಟ್ಟವರಿಗೆ ಯುದ್ಧಪೀಡಿತ ಪ್ರದೇಶಗಳ ವರದಿಗಳು ಅಚ್ಚಾಗಿ ಹೋಗುತ್ತಿದ್ದವು. ಇಂದಿನ ಸೇವಾಸಂಸ್ಥೆಗಳು ಮಾಡುವುದನ್ನು 1650ರಲ್ಲೇ ಮಾಡುತ್ತಿದ್ದರು ಎನ್ನಬಹುದು.

ಡಾಟರ್ಸ್ ಆಫ್ ಚಾರಿಟಿಯಲ್ಲಿ ಅಂಥ ಹೊಸತೇನಿತ್ತು?

ಶ್ರೀಮಂತ ಹೆಂಗಸರು ದುಡ್ಡು ಕೊಟ್ಟರು. ಸೂಪಿನ ಪಾತ್ರೆ ಹೊತ್ತು ಕೊಳಕು ಮೆಟ್ಟಿಲು ಹತ್ತಬೇಕಾದಾಗ ಮಾತ್ರ ಮನೆಯ ಆಳನ್ನು ಕಳುಹಿಸಿದರು. ಆಗ ಬಂದವಳು ಮಾರ್ಗರೀತ್ ನಾಸೊ, ಸುರೆನ್ ಎಂಬ ಹಳ್ಳಿಯ ದನಗಾಹಿ ಹುಡುಗಿ. ದನ ಮೇಯಿಸುತ್ತ ದಾರಿಹೋಕರನ್ನು ನಿಲ್ಲಿಸಿ ಈ ಅಕ್ಷರ ಯಾವುದು, ಆ ಅಕ್ಷರ ಯಾವುದು ಎಂದು ಕೇಳಿ ಕೇಳಿ ಓದು ಕಲಿತವಳು, ಕಲಿತದ್ದನ್ನು ಹಳ್ಳಿ ಹಳ್ಳಿ ತಿರುಗಿ ಹುಡುಗಿಯರಿಗೆ ಕಲಿಸಿದವಳು. ಪ್ಲೇಗಿನ ಹೆಂಗಸೊಬ್ಬಳಿಗೆ ತನ್ನ ಹಾಸಿಗೆಯಲ್ಲೇ ಜಾಗ ಕೊಟ್ಟು, ಸೋಂಕು ತಗುಲಿ 1633ರಲ್ಲಿ ತೀರಿಕೊಂಡಳು. ಆಕೆಯ ಹಾದಿಯಲ್ಲಿ ಬಂದ ಹಳ್ಳಿ ಹುಡುಗಿಯರನ್ನು ಲೂಯಿಸ್ ದ ಮಾರಿಯಾಕ್ ಅದೇ ವರ್ಷ ನವೆಂಬರ್ 29ರಂದು ತಮ್ಮ ಮನೆಯಲ್ಲಿ ಸೇರಿಸಿ ತರಬೇತಿ ಆರಂಭಿಸಿದರು.

ತೊಡಕು ಇದ್ದದ್ದು ಕಾನೂನಿನಲ್ಲಿ. ಕನ್ಯಾಸ್ತ್ರೀಯೆಂದರೆ ಮಠದ ಗೋಡೆಯೊಳಗೇ ಇರಬೇಕೆಂಬುದು ಆಗಿನ ಚರ್ಚ್ ಕಟ್ಟಳೆ. ವಿನ್ಸೆಂಟರ ಗೆಳೆಯರಾದ ಸಂತ ಫ್ರಾನ್ಸಿಸ್ ಡಿ ಸೇಲ್ಸರು ಕಟ್ಟಿದ ಸಂಘವೇ ಕೊನೆಗೆ ಗೋಡೆಯೊಳಗೆ ಸೇರಿಕೊಳ್ಳಬೇಕಾಯಿತು. ವಿನ್ಸೆಂಟರು ಜಾಣರು. ನೀವು ಕನ್ಯಾಸ್ತ್ರೀಯರೇ ಅಲ್ಲ ಎಂದುಬಿಟ್ಟರು! ಜೀವಮಾನದ ವ್ರತದ ಬದಲು ವರ್ಷ ವರ್ಷ ನವೀಕರಿಸುವ ವ್ರತ. ನಿಮಗೆ ರೋಗಿಗಳ ಮನೆಯೇ ಮಠ, ಬಾಡಿಗೆ ಕೋಣೆಯೇ ಏಕಾಂತದ ಗೂಡು, ಊರ ಚರ್ಚೇ ಪ್ರಾರ್ಥನಾಲಯ, ನಗರದ ಬೀದಿಗಳೇ ಅಂಗಳ ಎಂದು ಅವರಿಗೆ ಹೇಳಿಕೊಟ್ಟರು. ಪ್ರಾರ್ಥನೆಯ ನಡುವೆ ಬಡವರು ಕರೆದರೆ ಎದ್ದು ಹೋಗಿ, ಅದು ದೇವರಿಗಾಗಿ ದೇವರನ್ನು ಬಿಟ್ಟು ಹೋಗುವುದು ಎಂದೂ ಹೇಳುತ್ತಿದ್ದರು. ಕೆಲವೇ ವರ್ಷಗಳಲ್ಲಿ ಈ ಹುಡುಗಿಯರು ಆಸ್ಪತ್ರೆ, ಶಾಲೆ, ಸೆರೆಮನೆಗಳಲ್ಲಷ್ಟೇ ಅಲ್ಲ, ಗಾಯಾಳು ಸೈನಿಕರ ಆರೈಕೆಯಲ್ಲೂ ಇದ್ದರು. ಯೂರೋಪಿನ ನರ್ಸಿಂಗ್ ಚರಿತ್ರೆ ಬರೆಯುವವರು ಇವರನ್ನು ಬಿಟ್ಟು ಬರೆಯುವಂತಿಲ್ಲ.

ಪಟದಲ್ಲಿ ಅವರ ತೋಳಿನಲ್ಲಿ ಮಗು ಯಾಕಿದೆ?

ಪ್ಯಾರಿಸಿನಲ್ಲಿ ಪ್ರತಿವರ್ಷ ಮುನ್ನೂರು ನಾನೂರು ಹಸುಗೂಸುಗಳನ್ನು ಚರ್ಚಿನ ಬಾಗಿಲಲ್ಲೋ ಬೀದಿಯಲ್ಲೋ ಬಿಟ್ಟುಹೋಗುತ್ತಿದ್ದರು. ಅವನ್ನು ಇಡುತ್ತಿದ್ದ ಮನೆಯಲ್ಲಿ ಒಬ್ಬ ವಿಧವೆ, ಒಬ್ಬಿಬ್ಬರು ಆಳುಗಳು. ಅಳುವ ಕೂಸಿಗೆ ನಿದ್ದೆ ಬರಿಸುವ ಮದ್ದು. ಭಿಕ್ಷುಕರಿಗೆ ಮಾರುವುದೂ ನಡೆಯುತ್ತಿತ್ತು. 1638ರಲ್ಲಿ ವಿನ್ಸೆಂಟರು ಮೊದಲು ಹನ್ನೆರಡು ಕೂಸುಗಳನ್ನಷ್ಟೇ ತೆಗೆದುಕೊಂಡರು. ಯಾವ ಹನ್ನೆರಡು ಎಂಬುದನ್ನು ಚೀಟಿ ಎತ್ತಿ ಆರಿಸಿದರು. ಬೇರೆ ಹೇಗೆ ಆರಿಸುವುದು? 1640ರಿಂದ ಎಲ್ಲವನ್ನೂ ಹೊತ್ತುಕೊಂಡರು. ಯುದ್ಧಕಾಲದಲ್ಲಿ ಹಣ ಬತ್ತಿದಾಗ ದಾನಿ ಹೆಂಗಸರು ಇನ್ನು ಸಾಕುಮಾಡೋಣವೆಂದರು. ಆಗ ಅವರು ಮಾಡಿದ ಭಾಷಣ ಫ್ರೆಂಚರಲ್ಲಿ ಪ್ರಸಿದ್ಧ: ನೀವು ಇಷ್ಟು ದಿನ ಈ ಮಕ್ಕಳ ತಾಯಂದಿರಾಗಿದ್ದಿರಿ, ಈಗ ನ್ಯಾಯಾಧೀಶರಾಗಿ, ಅವು ಬದುಕಬೇಕೋ ಸಾಯಬೇಕೋ ತೀರ್ಪು ಕೊಡಿ. ಕೆಲಸ ನಿಲ್ಲಲಿಲ್ಲ.

ಇವು ಪಾಪದ ಫಲ, ಸಲಹುವುದೇ ತಪ್ಪು ಎನ್ನುವವರು ಆ ಕಾಲದಲ್ಲಿ ಧಾರಾಳವಾಗಿದ್ದರು ಎಂಬುದನ್ನೂ ನೆನಪಿಡಬೇಕು.

ಕೈದಿಯೊಬ್ಬನ ಸಂಕೋಲೆಯನ್ನು ತಾವೇ ತೊಟ್ಟು ಅವನನ್ನು ಬಿಡಿಸಿದರಂತೆ, ಹೌದೇ?

ಆ ಕಥೆಗೆ ಗಟ್ಟಿ ಆಧಾರವಿಲ್ಲ. ನಿಜ ಇಷ್ಟು: ಗೊಂದಿ ಮನೆಯ ಯಜಮಾನರು ರಾಜನ ಗ್ಯಾಲಿ ಹಡಗುಗಳ ದಂಡನಾಯಕರು. ಆ ಹಡಗುಗಳಿಗೆ ಹುಟ್ಟು ಹಾಕುತ್ತಿದ್ದವರು ಸಂಕೋಲೆ ತೊಟ್ಟ ಶಿಕ್ಷಿತರು. 1619ರಲ್ಲಿ ವಿನ್ಸೆಂಟರನ್ನು ಎಲ್ಲ ಗ್ಯಾಲಿಗಳ ಮುಖ್ಯ ಗುರುವಾಗಿ ನೇಮಿಸಿದರು. ಪ್ಯಾರಿಸಿನ ನೆಲಮಾಳಿಗೆಗಳಲ್ಲಿ ಕೊಳೆಯುತ್ತಿದ್ದ ಕೈದಿಗಳನ್ನು ಗಾಳಿ ಬೆಳಕಿರುವ ಕಟ್ಟಡಕ್ಕೆ ಸಾಗಿಸಿದರು, ಊಟ ಔಷಧಿಗೆ ಏರ್ಪಾಟು ಮಾಡಿದರು. ಸಂಕೋಲೆಯ ಕಥೆ ಕೇಳಲು ಚೆಂದ. ಆದರೆ ಒಬ್ಬನ ಬದಲು ಇವರು ಹುಟ್ಟು ಹಾಕಲು ಕೂತಿದ್ದರೆ ಉಳಿದವರಿಗೆ ಕಟ್ಟಡ ಹುಡುಕುವವರು ಯಾರು?

ಯುದ್ಧಕಾಲದಲ್ಲಿ ಏನು ಮಾಡಿದರು?

ಮೂವತ್ತು ವರ್ಷಗಳ ಯುದ್ಧದಲ್ಲಿ ಲೊರೇನ್ ಪ್ರಾಂತ್ಯ ಬೂದಿಯಾಯಿತು. 1639ರಿಂದ ಅಲ್ಲಿಗೆ ಹಣ ಸಾಗಿಸತೊಡಗಿದರು. ಸಾಗಿಸಿದವರು ಮ್ಯಾಥ್ಯೂ ರೆನ್ಯಾರ್ ಎಂಬ ಬ್ರದರ್. ಹಳೆಯ ಹರಕು ಜೋಳಿಗೆಯಲ್ಲಿ ಚಿನ್ನದ ನಾಣ್ಯ ತುಂಬಿಕೊಂಡು, ಬಡಪಾಯಿಯ ವೇಷದಲ್ಲಿ, ದರೋಡೆಕೋರ ಸೈನಿಕರ ನಡುವೆಯೇ ಐವತ್ತಕ್ಕೂ ಹೆಚ್ಚು ಸಲ ಹೋಗಿಬಂದರು. ಒಮ್ಮೆಯೂ ಹಣ ಕಳೆದುಕೊಳ್ಳಲಿಲ್ಲ ಎಂದು ವಿನ್ಸೆಂಟರ ಮೊದಲ ಜೀವನಚರಿತ್ರೆಕಾರ ಆಬೆಲಿ ದಾಖಲಿಸಿದ್ದಾರೆ. ತಂಟೆಗೆ ಬಂದವರ ಕಣ್ಣೆದುರೇ ಜೋಳಿಗೆಯನ್ನು ಪೊದೆಗೆ ಎಸೆದು ನಡೆದದ್ದೂ ಉಂಟಂತೆ. ಫ್ರಾನ್ಸಿನ ರಾಣಿ ಆನ್ ರೆನ್ಯಾರರನ್ನು ಕರೆಸಿ ಈ ಸಾಹಸಗಳನ್ನು ಅವರ ಬಾಯಿಂದಲೇ ಕೇಳುತ್ತಿದ್ದರು.

ಊಟ ಹಾಕುವುದಕ್ಕೇ ವಿನ್ಸೆಂಟರು ನಿಲ್ಲಲಿಲ್ಲ. ದುಡಿಯಲು ತ್ರಾಣವಿರುವವರಿಗೆ ಬಿತ್ತನೆ ಬೀಜ, ಕೊಡಲಿ, ಕುಡುಗೋಲು, ನೂಲುವ ರಾಟೆ ಕೊಡಿಸಿದರು. ತ್ರಾಣವಿಲ್ಲದವರಿಗೆ ಮಾತ್ರ ಕೂತಲ್ಲಿ ಊಟ.

ರಾಜಕೀಯದಿಂದ ದೂರವಿದ್ದರೇ?

ಇರಲು ಬಿಡಲಿಲ್ಲ. 1643ರಲ್ಲಿ ಹದಿಮೂರನೆಯ ಲೂಯಿ ಸಾಯುವಾಗ ಹಾಸಿಗೆಯ ಬಳಿ ಇವರಿದ್ದರು. ಬಳಿಕ ಧರ್ಮಾಧ್ಯಕ್ಷರ ನೇಮಕಾತಿಗಳ ಬಗ್ಗೆ ಸಲಹೆ ಕೊಡುವ ಮಂಡಳಿಗೆ ರಾಣಿ ಇವರನ್ನು ಸೇರಿಸಿಕೊಂಡರು. ಅಲ್ಲಿ ಪ್ರಧಾನಮಂತ್ರಿ ಕಾರ್ಡಿನಲ್ ಮಜಾರಾಂಗೂ ಇವರಿಗೂ ಎಣ್ಣೆ ಸೀಗೆಕಾಯಿ. ಆತ ಹುದ್ದೆಗಳನ್ನು ರಾಜಕೀಯದ ದಾಳವಾಗಿ ಹಂಚಬೇಕೆಂದರೆ, ಇವರು ಯೋಗ್ಯತೆ ನೋಡಬೇಕೆನ್ನುವವರು.

1649ರ ಜನವರಿಯಲ್ಲಿ ಅಂತರ್ಯುದ್ಧ ಹೊತ್ತಿ, ರಾಜನ ಸೈನ್ಯ ಪ್ಯಾರಿಸಿಗೆ ಮುತ್ತಿಗೆ ಹಾಕಿ ಊರು ಹಸಿವಿನಿಂದ ನರಳಿತು. ಅರವತ್ತೇಳು ಅರವತ್ತೆಂಟರ ವಯಸ್ಸಿನ ವಿನ್ಸೆಂಟರು ಕುದುರೆಯೇರಿ, ತುಂಬಿ ಹರಿಯುತ್ತಿದ್ದ ಸೇನ್ ನದಿ ದಾಟಿ, ಸಾಂ-ಜರ್ಮೇನ್‌ನಲ್ಲಿದ್ದ ರಾಣಿಯ ಬಳಿ ಹೋದರು. ಮಜಾರಾಂನನ್ನು ದೂರ ಕಳುಹಿಸಿ ಎಂದು ಕೇಳಿದರು. ಆಮೇಲೆ ಮಜಾರಾಂನ ಮುಖಕ್ಕೇ ಅದನ್ನು ಹೇಳಿದರು. ಫಲ ಸಿಗಲಿಲ್ಲ. ಇತ್ತ ಪ್ಯಾರಿಸಿನ ಜನ ಇವರು ಅರಮನೆಯ ಕಡೆಯವರೆಂದು ಸಿಟ್ಟಾದರು, ಸಾಂ-ಲಾಜಾರಿನ ಕಣಜ ಲೂಟಿಯಾಯಿತು. ಕೆಲವು ತಿಂಗಳು ಅವರು ಊರಿಗೆ ಮರಳುವಂತಿರಲಿಲ್ಲ. 1652ರಲ್ಲಿ ಮಂಡಳಿಯ ಸ್ಥಾನವೂ ಹೋಯಿತು. ಆ ವರ್ಷ ಪ್ಯಾರಿಸಿನಲ್ಲಿ ದಿನವೂ ಸಾವಿರಾರು ಜನಕ್ಕೆ ಸೂಪು ಹಂಚುವ ಕೆಲಸದಲ್ಲಿ ಅವರು ಮುಳುಗಿಹೋಗಿದ್ದರು.

ಬಡತನದ ಬೇರನ್ನು ಮುಟ್ಟದೆ ಬರೀ ಗಂಜಿ ಹೊಯ್ದರು ಎಂಬ ಟೀಕೆಗೆ ಏನೆನ್ನುತ್ತೀರಿ?

ಅರ್ಧ ನ್ಯಾಯವಾದ ಟೀಕೆ. ಅವರು ರಾಜಸತ್ತೆಯನ್ನಾಗಲಿ ಜಮೀನ್ದಾರಿಕೆಯನ್ನಾಗಲಿ ಪ್ರಶ್ನಿಸಿದವರಲ್ಲ. ರೈತರನ್ನು ಹಿಂಡಿದ ತೆರಿಗೆಯ ಹಣವೇ ಸುತ್ತಿ ಬಳಸಿ ಶ್ರೀಮಂತರ ದಾನವಾಗಿ ರೈತರ ಬಟ್ಟಲಿಗೆ ಬರುತ್ತಿತ್ತು ಎಂದರೆ ತಪ್ಪಲ್ಲ. ಸಾಂ-ಲಾಜಾರಿನಲ್ಲಿ ಒಂದು ಭಾಗ, ಮನೆಯವರು ತಂದು ಬಿಟ್ಟ ಪುಂಡ ಮಕ್ಕಳನ್ನೂ ಮಾನಸಿಕ ಅಸ್ವಸ್ಥರನ್ನೂ ಕೂಡಿಡುವ ಜಾಗವಾಗಿತ್ತು ಎಂಬುದೂ ನಿಜ.

ಉಳಿದರ್ಧಕ್ಕೆ ಉತ್ತರ ಅವರ ಕೊನೆಯ ವರ್ಷಗಳಲ್ಲಿದೆ. 1653ರಲ್ಲಿ ಹೆಸರು ಹೇಳಲೊಪ್ಪದ ವರ್ತಕರೊಬ್ಬರು ಕೊಟ್ಟ 1,00,000 ಲೀವ್ರ್ ಹಣದಿಂದ ನಲವತ್ತು ಮುದುಕ ಮುದುಕಿಯರಿಗೆ ಒಂದು ಆಶ್ರಯಧಾಮ ಕಟ್ಟಿದರು. ಮಗ್ಗ, ಉಪಕರಣ ಕೊಟ್ಟು ಕೈಲಾದ ಕೆಲಸಕ್ಕೂ ಅವಕಾಶವಿತ್ತು. ಅದು ಚೆನ್ನಾಗಿ ನಡೆದದ್ದನ್ನು ಕಂಡು, ಪ್ಯಾರಿಸಿನ ಸಾವಿರಾರು ಭಿಕ್ಷುಕರನ್ನೆಲ್ಲ ಹೀಗೇ ಒಂದೆಡೆ ಸೇರಿಸೋಣ ಎಂದು ದಾನಿಗಳು ಉತ್ಸಾಹದಿಂದ ಹೊರಟರು. ನೂರು ಇನ್ನೂರು ಜನರಿಂದ ಆರಂಭಿಸಿ, ಬರಲು ಇಷ್ಟವಿರುವವರನ್ನು ಮಾತ್ರ ತೆಗೆದುಕೊಳ್ಳಿ, ಬಲವಂತ ಬೇಡ ಎಂದು ವಿನ್ಸೆಂಟರು ತಡೆದರು. 1656ರಲ್ಲಿ ಸರ್ಕಾರ ಅದನ್ನು ತಾನೇ ಕೈಗೆತ್ತಿಕೊಂಡು ಭಿಕ್ಷುಕರನ್ನು ಹಿಡಿದು ಕೂಡುವ ಶಾಸನ ಹೊರಡಿಸಿತು. ಅದರ ಧಾರ್ಮಿಕ ಹೊಣೆಯನ್ನು ಇವರ ಗುರುಗಳಿಗೆ ವಹಿಸಿದಾಗ ಇವರು ಒಲ್ಲೆನೆಂದರು. ಬಡವರನ್ನು ಕಣ್ಣಿಂದ ಮರೆಮಾಡುವುದಕ್ಕೂ ಬಡವರಿಗೆ ನೆರವಾಗುವುದಕ್ಕೂ ಇರುವ ಅಂತರ ಆ ಕಾಲದ ಪ್ಯಾರಿಸಿನಲ್ಲಿ ಹೆಚ್ಚು ಜನಕ್ಕೆ ಕಂಡಿರಲಿಲ್ಲ.

'ನಿನ್ನ ಪ್ರೀತಿಗಾಗಿ ಮಾತ್ರವೇ ಬಡವರು ನೀನು ಕೊಟ್ಟ ರೊಟ್ಟಿಯನ್ನು ಕ್ಷಮಿಸುತ್ತಾರೆ' ಎಂಬುದು ಅವರದೇ ಮಾತಲ್ಲವೇ?

ಅಲ್ಲ. ಅವರ ಬಗ್ಗೆ 1947ರಲ್ಲಿ ಬಂದ ಫ್ರೆಂಚ್ ಚಲನಚಿತ್ರದ ಸಂಭಾಷಣೆ ಅದು. ಅವರ ಪತ್ರಗಳಲ್ಲಾಗಲಿ ಉಪನ್ಯಾಸಗಳಲ್ಲಾಗಲಿ ಆ ಮಾತು ಇಲ್ಲ. ಅವರ ನಿಲುವಿಗೆ ಒಪ್ಪುವ ಮಾತೆಂಬುದು ಸರಿ, ಆದರೆ ಅವರ ಹೆಸರು ಹಾಕಿ ಹಂಚುವುದು ಸರಿಯಲ್ಲ.

ಸ್ವಭಾವದಲ್ಲಿ ಹೇಗಿದ್ದರು?

ಹುಟ್ಟು ಸಿಡುಕ. ಅವರೇ ಒಪ್ಪಿಕೊಂಡಿದ್ದಾರೆ. ಮುಖ ಗಂಟಿಕ್ಕಿಕೊಂಡು ಮೌನವಾಗಿಬಿಡುತ್ತಿದ್ದ ದಿನಗಳಲ್ಲಿ, ಮನೆಯಲ್ಲಿ ಏನಾದರೂ ಬೇಸರವಾಯಿತೇ ಎಂದು ಗೊಂದಿಯಮ್ಮನೇ ಆತಂಕಪಡುತ್ತಿದ್ದರಂತೆ. ಈ ಗಡುಸುತನ ತೆಗೆದುಹಾಕು ಎಂದು ದೇವರಲ್ಲಿ ಬೇಡಿಕೊಂಡು ಬಹಳ ಕಾಲ ತಮ್ಮನ್ನು ತಾವೇ ತಿದ್ದಿಕೊಂಡರು. ಮುಪ್ಪಿನಲ್ಲಿ ಕಾಲು ಊದಿ ನಡೆಯಲಾಗದೆ ದಾನಿಗಳು ಕೊಟ್ಟ ಗಾಡಿಯಲ್ಲಿ ಓಡಾಡಬೇಕಾಯಿತು. ಅದನ್ನು 'ನನ್ನ ಅವಮಾನ' ಎಂದು ಕರೆಯುತ್ತಿದ್ದರು, ದಾರಿಯಲ್ಲಿ ಸಿಕ್ಕ ಬಡವರನ್ನು ಹತ್ತಿಸಿಕೊಳ್ಳುತ್ತಿದ್ದರು.

ತಮ್ಮ ಬಡ ಕುಟುಂಬಕ್ಕೇ ಏನೂ ಮಾಡಲಿಲ್ಲವೇ?

ಈ ಪ್ರಶ್ನೆ ಅವರನ್ನೂ ಕಾಡಿತ್ತು. 1623ರ ಸುಮಾರಿಗೆ ಊರಿಗೆ ಹೋಗಿ ಕೆಲವು ದಿನ ಅಣ್ಣತಮ್ಮಂದಿರ ಜೊತೆ ಇದ್ದು ಬಂದರು. ನನ್ನಿಂದ ಏನನ್ನೂ ನಿರೀಕ್ಷಿಸಬೇಡಿ, ಗುರುವಿನ ಕೈಗೆ ಬಂದದ್ದು ದೇವರದು, ಬಡವರದು ಎಂದು ಹೇಳಿದರು. ಹೇಳುವಾಗ ಗಟ್ಟಿಯಾಗಿದ್ದವರು ಹಿಂತಿರುಗುವಾಗ ದಾರಿಯುದ್ದಕ್ಕೂ ಅತ್ತರು. ಅಣ್ಣನಿಗೆ ಇಷ್ಟು, ತಂಗಿಗೆ ಇಷ್ಟು ಎಂದು ಮನಸ್ಸಿನಲ್ಲೇ ಹಂಚುವುದು ಮೂರು ತಿಂಗಳು ನಿಲ್ಲಲಿಲ್ಲವೆಂದು ಮುಂದೆ ತಮ್ಮವರಿಗೆ ಹೇಳಿಕೊಂಡರು. ಈ ನಿರ್ಧಾರವನ್ನು ಎಲ್ಲರೂ ಮೆಚ್ಚಬೇಕಿಲ್ಲ. ಎತ್ತು ಮಾರಿದ ಮನೆಯ ಋಣ ಸಣ್ಣದಲ್ಲ.

ಚರ್ಚುಗಳಲ್ಲಿರುವ ವಿನ್ಸೆಂಟ್ ಡಿ ಪಾಲ್ ಸಭೆಯನ್ನು ಸ್ಥಾಪಿಸಿದವರು ಇವರೇನಾ?

ಅಲ್ಲ. ಇವರು ತೀರಿಕೊಂಡು 170 ವರ್ಷಗಳಿಗೂ ಹೆಚ್ಚು ಕಾಲದ ಮೇಲೆ, 1833ರಲ್ಲಿ, ಪ್ಯಾರಿಸಿನಲ್ಲಿ ಓದುತ್ತಿದ್ದ ಫ್ರೆದೆರಿಕ್ ಓಝಾನಾಮ್ ಮತ್ತು ಗೆಳೆಯರು ಕಟ್ಟಿದ ಸಂಘ ಅದು. ಬಡವರ ಮನೆಗೆ ಹೋಗುವುದು ಹೇಗೆಂದು ಅವರಿಗೆ ಕಲಿಸಿದವರು ಡಾಟರ್ಸ್ ಆಫ್ ಚಾರಿಟಿಯ ಸಿಸ್ಟರ್ ರೋಸಲಿ ರಾಂದ್ಯೂ. ಸದಸ್ಯರು ಗೃಹಸ್ಥರು. ಇಂದು ಭಾರತವೂ ಸೇರಿ ಸುಮಾರು 150 ದೇಶಗಳಲ್ಲಿ ಇದೆ.

ಸಂತರಾದದ್ದು ಯಾವಾಗ? ಹಬ್ಬ ಯಾವತ್ತು?

1729ರಲ್ಲಿ ಪುನೀತರೆಂದು, 1737ರಲ್ಲಿ ಪೋಪ್ ಹನ್ನೆರಡನೆಯ ಕ್ಲೆಮೆಂಟರಿಂದ ಸಂತರೆಂದು ಘೋಷಣೆಯಾಯಿತು. 1885ರಲ್ಲಿ ಹದಿಮೂರನೆಯ ಲಿಯೋ ಅವರನ್ನು ಎಲ್ಲ ಸೇವಾಸಂಘಗಳ ಪಾಲಕ ಸಂತರನ್ನಾಗಿ ಮಾಡಿದರು. ಹಬ್ಬ ಸೆಪ್ಟೆಂಬರ್ 27. ಹಳೆಯ ಪ್ರಾರ್ಥನಾ ಪುಸ್ತಕಗಳಲ್ಲಿ ಜುಲೈ 19 ಎಂದಿರುತ್ತದೆ.

ಅವರ ದೇಹ ಇಂದಿಗೂ ಕೆಡದೆ ಉಳಿದಿದೆಯಂತೆ?

ಪ್ಯಾರಿಸಿನ ಸೆವ್ರ್ ಬೀದಿಯ ಪ್ರಾರ್ಥನಾಲಯದಲ್ಲಿ, ಬಲಿಪೀಠದ ಮೇಲಿನ ಬೆಳ್ಳಿಯ ಮಂಟಪದಲ್ಲಿ ಕಾಣುವುದು ಮೇಣದ ಮುಖ, ಮೇಣದ ಕೈ. ಒಳಗಿರುವುದು ಅಸ್ಥಿ. 1712ರಲ್ಲಿ ಸಮಾಧಿ ತೆರೆದಾಗ ದೇಹ ಬಹುಮಟ್ಟಿಗೆ ಹಾಗೇ ಇತ್ತು. ಆಮೇಲೆ ನೀರು ನುಗ್ಗಿ ಎಲುಬಷ್ಟೇ ಉಳಿಯಿತು. ಹೃದಯವನ್ನು ಬೇರೆಯಾಗಿ, ಅಲ್ಲಿಗೆ ಹತ್ತಿರದಲ್ಲೇ ಇರುವ ಬಾಕ್ ಬೀದಿಯ ಡಾಟರ್ಸ್ ಆಫ್ ಚಾರಿಟಿ ಪ್ರಾರ್ಥನಾಲಯದಲ್ಲಿ ಇರಿಸಿದ್ದಾರೆ. ಎರಡು ಕಡೆಗೂ ನಡೆದೇ ಹೋಗಬಹುದು. ಹುಟ್ಟೂರನ್ನು ನೋಡುವ ಆಸೆಯಿದ್ದವರು ಭೂಪಟದಲ್ಲಿ ಪುಯಿ ಎಂದು ಹುಡುಕಿದರೆ ಸಿಗುವುದಿಲ್ಲ. 1828ರಲ್ಲಿ ಆ ಹಳ್ಳಿ ತನ್ನ ಹೆಸರನ್ನೇ ಸಾಂ-ವಿನ್ಸಾಂ-ದ-ಪೋಲ್ ಎಂದು ಬದಲಿಸಿಕೊಂಡಿತು.